ಹೆಡ್‌ಲೈಟಿನ ಕಿತ್ತಳೆ ಪಟ್ಟಿ ತೆಗೆದು ಕ್ಲಿಯರ್ ಇಂಡಿಕೇಟರ್ ಮಾಡಿಕೊಳ್ಳುವುದು ಹೇಗೆ?

ನಮ್ಮ ಮನೆಯ ಹಳೇ ಕಾರಿಗೆ ಎರಡೂ ಹೆಡ್‌ಲೈಟಿನ ಹೊರಮೂಲೆಯಲ್ಲಿ ಕಿತ್ತಳೆ ಬಣ್ಣದ ಪಟ್ಟಿ ಇತ್ತು. ಇಂಡಿಕೇಟರಿನ ಲೆನ್ಸ್ ಅದು. ಅದೇ ಕಾರು ಆಮೇಲೆ ಹೊಸ ರೂಪದಲ್ಲಿ ಬಂದಾಗ ಪಟ್ಟಿ ಹೋಗಿ ಇಡೀ ಲೈಟು ತಿಳಿನೀರಿನ ಹಾಗಾಯಿತು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಅಂಥದ್ದರ ಪಕ್ಕ ನಮ್ಮದನ್ನು ನಿಲ್ಲಿಸಿದಾಗಲೆಲ್ಲ ನನಗೆ ಹೊಟ್ಟೆಕಿಚ್ಚು. ಎಂಜಿನ್ ಗಟ್ಟಿಯಾಗಿತ್ತು, ಸೀಟು ಚೆನ್ನಾಗಿತ್ತು. ಮುಖಕ್ಕೆ ಮಾತ್ರ ವಯಸ್ಸಾಗಿತ್ತು.

ಒಂದು ಜುಲೈ ತಿಂಗಳು. ಪುನರ್ವಸು ಮಳೆ ಹಿಡಿದು ಅಂಗಳಕ್ಕೂ ಇಳಿಯಲಾಗದ ದಿನ. ಸುಮ್ನೆ ಕೂತು ಬೇಜಾರಾಗಿ ಶೆಡ್ಡಿನಲ್ಲೇ ಎರಡೂ ಲೈಟು ಬಿಚ್ಚಿದೆ. ಕಿತ್ತಳೆ ತುಂಡು ತೆಗೆದೆ. ಹಾರ್ಡ್‌ವೇರ್ ಅಂಗಡಿಯಿಂದ ತಂದ ಸಿಲಿಕೋನ್ ಬಳಿದು ಮುಚ್ಚಿದೆ. ನೋಡಲು ಚೆನ್ನಾಗಿಯೇ ಇತ್ತು. ಪುಷ್ಯ ಮಳೆ ಮುಗಿಯುವಷ್ಟರಲ್ಲಿ ಬಲಗಡೆಯ ಲೈಟಿನೊಳಗೆ ಎರಡು ಬೆರಳು ನೀರು ನಿಂತಿತ್ತು. "ಅಪ್ಪಾ, ಮೀನು ಬಿಡೋಣ್ವಾ?" ಅಂತ ಮಗಳು ಕೇಳಿದಳು. ಕನ್ನಡಿಯಂತಿದ್ದ ರಿಫ್ಲೆಕ್ಟರ್ ಹುಳಿ ಬಿದ್ದ ಅಲ್ಯೂಮಿನಿಯಂ ಪಾತ್ರೆಯ ಹಾಗೆ ಮಂಕಾಗಿತ್ತು. ಎರಡೂ ಲೈಟು ಬೇರೆ ತರಬೇಕಾಯಿತು.

ಎರಡನೇ ಸಲ ಜನವರಿಯವರೆಗೆ ಕಾದೆ. ಆ ಜೋಡಿ ಈಗ ಮೂರು ಮಳೆಗಾಲ ಕಂಡಿದೆ, ಒಳಗೆ ಒಂದು ಹನಿ ಇಲ್ಲ. ಇಲ್ಲಿ ಬರೆಯುತ್ತಿರುವುದು ಆ ಎರಡನೇ ಸಲದ ರೀತಿ. ಬಿಚ್ಚುವ ಕೆಲಸವನ್ನು ಎಲ್ಲರೂ ಹೇಳಿಕೊಡುತ್ತಾರೆ. ನಮ್ಮ ಕಡೆ ಕಷ್ಟ ಇರುವುದು ಮುಚ್ಚುವುದರಲ್ಲಿ. ಹಾಗಾಗಿ ಅದನ್ನೇ ಜಾಸ್ತಿ ಬರೆದಿದ್ದೇನೆ.

ಮೊದಲು ಬಣ್ಣದ ವಿಷಯ

ಲೆನ್ಸ್ ಬಿಳಿಯಾಗಬಹುದು. ಮಿನುಗುವ ಬೆಳಕು ಬಿಳಿಯಾಗಬಾರದು. ಈ ಒಂದು ಮಾತು ತಪ್ಪಿದರೆ ಉಳಿದದ್ದೆಲ್ಲ ದಂಡ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 102ನೇ ನಿಯಮ ಇಂಡಿಕೇಟರಿನದು. ಬೆಳಕು ಆಂಬರ್, ಅಂದರೆ ಹಳದಿ ಬೆರೆತ ಕಿತ್ತಳೆ ಬಣ್ಣದ್ದಾಗಿರಬೇಕು. ನಿಮಿಷಕ್ಕೆ 60ಕ್ಕಿಂತ ಕಡಿಮೆ ಇಲ್ಲದೆ, 120 ದಾಟದೆ ಮಿನುಗಬೇಕು. ಕಿತ್ತಳೆ ಲೆನ್ಸ್ ಇದ್ದಾಗ ಒಳಗಿನ ಬಲ್ಬು ಬಿಳಿ, ಬಣ್ಣ ಕೊಡುವುದು ಲೆನ್ಸ್. ಲೆನ್ಸ್ ಬಿಳಿಯಾದರೆ ಬಣ್ಣ ಕೊಡುವ ಕೆಲಸ ಬಲ್ಬಿಗೆ ಬರುತ್ತದೆ. ಲೆನ್ಸ್ ಬದಲಾಯಿಸಿ ಬಲ್ಬು ಮರೆತವರನ್ನು ನಾನು ನೋಡಿದ್ದೇನೆ. ಎದುರಿನಿಂದ ಬರುವವನಿಗೆ ಅದು ಡಿಪ್ ಹೊಡೆದ ಹಾಗೆ ಕಾಣುತ್ತದೆ, ತಿರುಗುತ್ತಾನೆ ಅಂತ ಗೊತ್ತಾಗುವುದಿಲ್ಲ.

ಚಾರ್ಮಾಡಿಯಲ್ಲಿ ಸಂಜೆ ಮಂಜು ಕವಿದಾಗ ಇದು ಚೆನ್ನಾಗಿ ಅರ್ಥವಾಗುತ್ತದೆ. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಹಾಗೇನೂ ಇಲ್ಲ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ತುಂಬಾ ದೊಡ್ಡವು, ಎಲ್ಲ ಬಣ್ಣವನ್ನೂ ಹೆಚ್ಚುಕಡಿಮೆ ಒಂದೇ ಥರ ಚೆದುರಿಸುತ್ತವೆ. ಆದರೆ ಮಂಜೂ ಬಿಳಿ, ಹೆಡ್‌ಲೈಟೂ ಬಿಳಿ. ಅದರ ನಡುವೆ ಬೇರೆಯಾಗಿ ಕಣ್ಣಿಗೆ ಬೀಳುವುದು ಕಿತ್ತಳೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಲು ಕಾರು ಪಕ್ಕಕ್ಕೆ ಎಳೆಯುವಾಗ ಹಿಂದಿನ ಲಾರಿಯವನೂ ಎದುರಿನ ಬಸ್ಸಿನವನೂ ನಂಬಿಕೊಂಡಿರುವುದು ಆ ಬಣ್ಣವನ್ನೇ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂನಲ್ಲಿ, ಒಪ್ಪಿಗೆಯಿಲ್ಲದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು, ಇಲ್ಲವೇ ಎರಡನ್ನೂ ಹಾಕಬಹುದು. ಹೆದರಿಸಲು ಹೇಳುತ್ತಿಲ್ಲ. ನಿಮ್ಮದೇ ಕಾರಿಗೆ, ನಿಮ್ಮದೇ ಮಾದರಿಗೆ ಕಂಪನಿಯೇ ಕ್ಲಿಯರ್ ಲೆನ್ಸಿನ ಲೈಟು ಕೊಟ್ಟಿದ್ದರೆ ಅದನ್ನೇ ಇಡೀ ಸೆಟ್ಟಾಗಿ ತಂದು ಹಾಕಿಕೊಳ್ಳಿ. ಕಂಪನಿ ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದ ಲೈಟು ಅದು. ದುಡ್ಡು ಜಾಸ್ತಿ, ತಲೆನೋವು ಕಡಿಮೆ. ಹೊಸದು ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ. ಅಲ್ಲಿ ಸಿಕ್ಕರೆ ಈ ಲೇಖನದಲ್ಲಿ ಬಲ್ಬಿನ ಭಾಗ ಮತ್ತು ಗೋಡೆಯ ಮೇಲೆ ಬೆಳಕು ಹೊಂದಿಸುವ ಭಾಗ ಓದಿದರೆ ಸಾಕು. ಬಿಚ್ಚಿ ಮಾಡುವವರು ಆರ್‌ಟಿಒ ಕಚೇರಿಯಲ್ಲಿ ಒಂದು ಮಾತು ಕೇಳಿಕೊಂಡೇ ಕೈ ಹಾಕಿ.

ನಿಮ್ಮ ಲೈಟು ಯಾವ ಜಾತಿಯದು?

ಕೆಲವು ಹಳೇ ಕಾರುಗಳಲ್ಲಿ ಇಂಡಿಕೇಟರ್ ಬೇರೆಯೇ ಡಬ್ಬಿ. ಹೆಡ್‌ಲೈಟಿನ ಪಕ್ಕ ಅಥವಾ ಬಂಪರಿನಲ್ಲಿ ಕೂತಿರುತ್ತದೆ. ಒಂದೋ ಎರಡೋ ಸ್ಕ್ರೂ ತೆಗೆದರೆ ಕೈಗೆ ಬರುತ್ತದೆ. ಇದಕ್ಕೆ ಕ್ಲಿಯರ್ ಲೆನ್ಸ್ ಸಿಕ್ಕರೆ ಅರ್ಧ ಗಂಟೆಯ ಕೆಲಸ. ಏನನ್ನೂ ಕಾಯಿಸಬೇಕಿಲ್ಲ.

ಎರಡನೆಯದು ನಮ್ಮ ಕಾರಿನ ಥರ. ಹೊರಗಿನ ದೊಡ್ಡ ಲೆನ್ಸ್ ಪೂರ್ತಿ ಬಿಳಿ, ಅದರ ಹಿಂದೆ ಒಳಗಡೆ ಇಂಡಿಕೇಟರ್ ಗೂಡಿನ ಬಾಯಿಗೆ ಕಿತ್ತಳೆ ತುಂಡೊಂದನ್ನು ಕೂರಿಸಿರುತ್ತಾರೆ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಹೊರಮೈ ಮತ್ತು ಕಿತ್ತಳೆಯ ನಡುವೆ ಜಾಗ ಕಂಡರೆ ಒಳತುಂಡು ಅಂತ ಅರ್ಥ. ಈ ಮಾರ್ಗದರ್ಶಿ ಇದಕ್ಕೇ.

ಮೂರನೆಯದರಲ್ಲಿ ಹೊರ ಲೆನ್ಸಿನ ಪ್ಲಾಸ್ಟಿಕ್ಕೇ ಅಷ್ಟು ಭಾಗ ಕಿತ್ತಳೆ. ಅದನ್ನು ಕೆರೆದು ತೆಗೆಯಲು ಬರುವುದಿಲ್ಲ. ಬೇರೆ ಲೆನ್ಸೋ ಬೇರೆ ಲೈಟೋ ತರಬೇಕು, ಅಷ್ಟೇ.

ಲೆನ್ಸ್ ಗಾಜಿನದ್ದಾಗಿದ್ದು, ಸುತ್ತಲಿನ ಅಂಟು ಉಗುರಿನಿಂದ ಒತ್ತಿದರೆ ಕಲ್ಲಿನ ಹಾಗಿದ್ದರೆ ಅಲ್ಲಿಗೇ ಕೈಬಿಡಿ. ಕಾಯಿಸಿದರೆ ಮೆತ್ತಗಾಗುವ ಅಂಟು ಬ್ಯುಟೈಲ್. ಕಪ್ಪಗೆ, ಚ್ಯೂಯಿಂಗ್ ಗಮ್ಮಿನ ಥರ ಜಿಗುಟಾಗಿರುತ್ತದೆ. ಗಟ್ಟಿ ಅಂಟಿನ ಲೈಟನ್ನು ಕತ್ತರಿಸಿಯೇ ತೆಗೆಯಬೇಕು. ಮತ್ತೆ ಮುಚ್ಚಿದಾಗ ಮಲೆನಾಡಿನ ಮಳೆ ಅದನ್ನು ಬಿಡುವುದಿಲ್ಲ.

ಇನ್ನೊಂದು ಗಮನಿಸಬೇಕು. ಕಿತ್ತಳೆ ತುಂಡಿನ ಹಿಂದಿರುವ ರಿಫ್ಲೆಕ್ಟರ್ ನೋಡಿ. ಅದು ಸಣ್ಣ ಸಣ್ಣ ಚಪ್ಪಟೆ ಕನ್ನಡಿಗಳನ್ನು ಜೋಡಿಸಿದ ಹಾಗೆ ಇದ್ದರೆ ಬೆಳಕನ್ನು ಅಗಲಕ್ಕೆ ಹರಡುವ ಕೆಲಸ ಅದೇ ಮಾಡುತ್ತದೆ. ನುಣ್ಣಗೆ ಬಟ್ಟಲಿನ ಹಾಗಿದ್ದು, ಕಿತ್ತಳೆ ತುಂಡಿನ ಮೇಲೆ ಗೀರುಗೀರಾಗಿ ಏಣುಗಳಿದ್ದರೆ ಹರಡುವ ಕೆಲಸ ತುಂಡಿನದು. ಅಂಥ ತುಂಡನ್ನು ತೆಗೆದು ಖಾಲಿ ಬಿಟ್ಟರೆ ಇಂಡಿಕೇಟರ್ ನೇರ ಎದುರಿನವನಿಗೆ ಮಾತ್ರ ಕಣ್ಣು ಕುಕ್ಕುತ್ತದೆ. ಪಕ್ಕದಿಂದ ಬರುವ ಬೈಕಿನವನಿಗೆ ಕಾಣುವುದೇ ಇಲ್ಲ. ಆಗ ಅದೇ ಆಕಾರದ, ಅದೇ ಗೀರುಗಳಿರುವ ಬಿಳಿ ತುಂಡನ್ನು ಇನ್ನೊಂದು ಲೈಟಿನಿಂದ ತಂದು ಕೂರಿಸಬೇಕು. ಸಿಗದಿದ್ದರೆ ಕಿತ್ತಳೆಯೇ ಇರಲಿ. ನನ್ನ ಅದೃಷ್ಟಕ್ಕೆ ನಮ್ಮ ರಿಫ್ಲೆಕ್ಟರ್ ಚಪ್ಪಟೆ ಕನ್ನಡಿಗಳ ಥರದ್ದು.

ದಿನ ನೋಡಿ ಕೈ ಹಾಕಿ

ಮುಹೂರ್ತ ಅಂದರೂ ಪರವಾಗಿಲ್ಲ. ಲೈಟು ಮುಚ್ಚುವಾಗ ಹೊರಗಿನ ಗಾಳಿಯನ್ನೂ ಒಳಗೆ ಸೇರಿಸಿ ಮುಚ್ಚುತ್ತೇವೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನಮ್ಮ ಗಾಳಿಯಲ್ಲಿ ನೀರೇ ಜಾಸ್ತಿ. ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಬರುವ ಊರು ಇದು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಕಾಫಿ ಕುಯ್ದು ಕಣದಲ್ಲಿ ಹರವುವ ದಿನಗಳು. ಕಾಫಿ ಒಣಗುವ ಬಿಸಿಲಿನಲ್ಲಿ ಲೈಟೂ ಒಣಗುತ್ತದೆ. ಬೆಳಿಗ್ಗೆ ಇಬ್ಬನಿ ಪೂರ್ತಿ ಆರಲಿ, ಹನ್ನೊಂದರ ಮೇಲೆ ಶುರು ಮಾಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. 10 ನಂಬರ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್, ಲಾಕ್ ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ. ಹಳೇ ಟೂತ್‌ಬ್ರಷ್ಷಿನ ಹಿಡಿಯೂ ಆಗುತ್ತದೆ. ದಪ್ಪ ಹತ್ತಿಯ ಕೈಗವಸು. ಲೈಟು ಹಿಡಿಸುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ. ಕೇಕ್ ಮಾಡುವವರ ಮನೆಯಿಂದ ಓವನ್ ಥರ್ಮಾಮೀಟರ್. ಹೀಟ್ ಗನ್ ಕೊಳ್ಳಬೇಕಿಲ್ಲ, ವಾಹನಕ್ಕೆ ಸ್ಟಿಕರ್ ಹಚ್ಚುವ ಅಂಗಡಿಯವರ ಹತ್ತಿರ ಇರುತ್ತದೆ. ಪರಿಚಯ ಇದ್ದರೆ ಒಂದು ದಿನಕ್ಕೆ ಕೊಡುತ್ತಾರೆ.

ಮುಖ್ಯವಾದದ್ದು ಅಂಟು. ಸುರುಳಿ ಸುತ್ತಿದ ಬ್ಯುಟೈಲ್ ಹಗ್ಗ ಅಥವಾ ಟೇಪ್ ತರಿಸಿಕೊಳ್ಳಿ. ನಾನು ಮೊದಲ ಸಲ ಬಳಿದ ಸಿಲಿಕೋನ್ ವಿನೆಗರ್ ವಾಸನೆಯದು. ಆ ವಾಸನೆ ಅಸಿಟಿಕ್ ಆಮ್ಲದ್ದು. ಅಂಟು ಗಟ್ಟಿಯಾಗುವಾಗ ಅದು ಹೊರಗೆ ಬರುತ್ತದೆ. ಮುಚ್ಚಿದ ಲೈಟಿನೊಳಗೆ ಬಂದರೆ ಹೋಗಲು ಜಾಗ ಇಲ್ಲ. ರಿಫ್ಲೆಕ್ಟರಿನ ಹೊಳಪು ತೆಳ್ಳಗಿನ ಅಲ್ಯೂಮಿನಿಯಂ ಪೊರೆ, ಆಮ್ಲ ಅದನ್ನು ತಿನ್ನುತ್ತದೆ. ನಮ್ಮ ಲೈಟು ಮಂಕಾಗಲು ನೀರಿನ ಜೊತೆ ಇದೂ ಸೇರಿತ್ತು ಅಂತ ನನ್ನ ಲೆಕ್ಕ. ಸಿಲಿಕೋನೇ ಹಾಕಬೇಕು ಅನ್ನುವವರು ವಿನೆಗರ್ ವಾಸನೆ ಇಲ್ಲದ ನ್ಯೂಟ್ರಲ್ ಕ್ಯೂರ್ ಕೇಳಿ ತನ್ನಿ. ಮುಂದಿನ ಗಾಜು ಕೂರಿಸುವ ಅಂಟು ಬೇಡ. ನೀರು ಬಿಡುವುದಿಲ್ಲ, ನಿಜ. ಆದರೆ ಇನ್ನೊಂದು ಸಲ ಲೈಟು ಬಿಚ್ಚಲು ನಿಮ್ಮನ್ನೂ ಬಿಡುವುದಿಲ್ಲ.

ಬಿಚ್ಚುವ ಮೊದಲು ಗೋಡೆಗೆ ಗುರುತು

ಇದನ್ನು ಬಿಟ್ಟವರೇ ಜಾಸ್ತಿ. ಲೈಟು ಮತ್ತೆ ಕೂರಿಸಿದಾಗ ಬೆಳಕು ಮೊದಲು ಬೀಳುತ್ತಿದ್ದಲ್ಲೇ ಬೀಳಲಿ ಅಂತ ಈ ಗುರುತು. ಸಮತಟ್ಟು ಜಾಗದಲ್ಲಿ ಗೋಡೆಗೆ ಎದುರಾಗಿ ಐದು ಮೀಟರ್ ದೂರದಲ್ಲಿ ಕಾರು ನಿಲ್ಲಿಸಿ. ಕತ್ತಲಾದ ಮೇಲೆ ಡಿಪ್ ಹಾಕಿ, ಗೋಡೆಯ ಮೇಲೆ ಬೆಳಕಿನ ಮೇಲಂಚು ಬೀಳುವಲ್ಲಿ ಮಾಸ್ಕಿಂಗ್ ಟೇಪ್ ಹಚ್ಚಿ. ಎಡಕ್ಕೆ ಬೇರೆ, ಬಲಕ್ಕೆ ಬೇರೆ. ಚಕ್ರ ನಿಂತ ಜಾಗಕ್ಕೂ ಗುರುತು ಮಾಡಿ. ಟೈರಿನ ಗಾಳಿ ಸರಿ ಇರಲಿ, ಡಿಕ್ಕಿಯಲ್ಲಿ ಗೊಬ್ಬರದ ಚೀಲ ಬೇಡ.

ನಮ್ಮಲ್ಲಿ ಸಮತಟ್ಟು ಜಾಗ ಅಂದರೆ ಕಾಫಿ ಕಣ ಅಂತ ಯಾರಿಗಾದರೂ ಹೊಳೆಯುತ್ತದೆ. ನನಗೂ ಹೊಳೆಯಿತು. ಆದರೆ ನೀರು ಹರಿಯಲಿ ಅಂತ ಕಣಕ್ಕೆ ಸ್ವಲ್ಪ ಇಳಿಜಾರು ಕೊಟ್ಟಿರುತ್ತಾರೆ. ಪರವಾಗಿಲ್ಲ, ಮೊದಲೂ ಆಮೇಲೂ ಕಾರು ಅದೇ ಗುರುತಿನ ಮೇಲೇ ನಿಂತರೆ ಸರಿಹೋಗುತ್ತದೆ. ಕಾಫಿ ಹರವಿದ್ದರೆ ಮಾತ್ರ ಮನೆಯವರ ಹತ್ತಿರ ಕೇಳಿಕೊಂಡು ಹೋಗಿ.

ಲೈಟು ಕೈಗೆ ತೆಗೆದುಕೊಳ್ಳುವುದು

ಬ್ಯಾಟರಿಯ ನೆಗೆಟಿವ್ ಕಳಚಿ. ಹೆಚ್ಚಿನ ಕಾರುಗಳಲ್ಲಿ ಲೈಟನ್ನು ಹಿಡಿದಿರುವುದು ಮೂರೋ ನಾಲ್ಕೋ ಬೋಲ್ಟು. ಅದರಲ್ಲಿ ಒಂದು ಬಂಪರಿನ ಹಿಂದೆ ಬಚ್ಚಿಟ್ಟುಕೊಂಡಿರುತ್ತದೆ. ಲೈಟು ಅಲ್ಲಾಡುತ್ತದೆ, ಬರುವುದಿಲ್ಲ ಅಂದರೆ ಎಳೆಯಬೇಡಿ, ಆ ಬೋಲ್ಟು ಹುಡುಕಿ. ಬಂಪರ್ ಸಡಿಲಿಸಬೇಕಾದರೆ ಒಬ್ಬರು ಜೊತೆಗಿರಲಿ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಹಳೇ ಪ್ಲಾಸ್ಟಿಕ್ ಕ್ಲಿಪ್ಪು ಚಳಿಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ಬಿಸಿಲಿನಲ್ಲಿ ಕಾರು ಸ್ವಲ್ಪ ಬೆಚ್ಚಗಾದ ಮೇಲೆ ತೆಗೆಯಿರಿ.

ಒಂದು ಸಲಕ್ಕೆ ಒಂದೇ ಲೈಟು. ಇನ್ನೊಂದು ಕಾರಿನಲ್ಲೇ ಇರಲಿ. ಗೊಂದಲವಾದಾಗ ಅದೇ ಪಾಠ ಹೇಳುತ್ತದೆ.

ಕಾಯಿಸುವುದು, ಬಿಡಿಸುವುದು

ಲೈಟಿನಿಂದ ಬಲ್ಬು, ಹೋಲ್ಡರ್, ಹಿಂದಿನ ರಬ್ಬರ್ ಟೋಪಿ ಎಲ್ಲ ತೆಗೆದಿಡಿ. ಹ್ಯಾಲೊಜೆನ್ ಬಲ್ಬಿನ ಗಾಜು ಬೆರಳಿನಿಂದ ಮುಟ್ಟಬೇಡಿ, ಚರ್ಮದ ಎಣ್ಣೆ ಕೂತು ಆ ಜಾಗ ಕಾದು ಬಲ್ಬು ಬೇಗ ಹೋಗುತ್ತದೆ. ಲೆನ್ಸನ್ನು ಹಿಡಿದಿರುವ ಸಣ್ಣ ಸ್ಕ್ರೂಗಳಿದ್ದರೆ ಅವೂ ಬರಲಿ. ಒಂದು ಸ್ಕ್ರೂ ಉಳಿದರೂ ಎಳೆಯುವಾಗ ಲೆನ್ಸ್ ಸೀಳುತ್ತದೆ.

ಅಡುಗೆಮನೆಯ ಸಣ್ಣ ಓವನ್ನಿನಲ್ಲಿ ಕಾರಿನ ಲೈಟು ಹಿಡಿಸುವುದಿಲ್ಲ. ಹಿಡಿಸಿದರೂ ಕಾಯಿಲ್ ಪಕ್ಕದಲ್ಲೇ ಇರುವುದರಿಂದ ಒಂದು ಮೂಲೆ ಕರಗುತ್ತದೆ. ರಟ್ಟಿನ ಪೆಟ್ಟಿಗೆಯೇ ಒಳ್ಳೆಯದು. ತಳಕ್ಕೆ ಮರದ ತುಂಡಿಟ್ಟು ಅದರ ಮೇಲೆ ಲೈಟು ಇಡಿ. ಪಕ್ಕದಲ್ಲಿ ಥರ್ಮಾಮೀಟರ್. ಪೆಟ್ಟಿಗೆಯ ಒಂದು ಬದಿಗೆ ತೂತು ಮಾಡಿ, ಹೀಟ್ ಗನ್ನಿನ ಗಾಳಿ ಲೈಟಿಗೆ ನೇರ ಬಡಿಯದೆ ಖಾಲಿ ಮೂಲೆಗೆ ಹೋಗುವ ಹಾಗೆ ಹಿಡಿಯಿರಿ. ಗನ್ ಕಡಿಮೆಯಲ್ಲೇ ಇರಲಿ, ಮೂತಿ ರಟ್ಟಿಗೆ ತಾಗದಿರಲಿ. ರಟ್ಟು ಹತ್ತಿಕೊಳ್ಳಬಹುದು. ಪಕ್ಕದಲ್ಲಿ ಒಂದು ಬಕೆಟ್ ನೀರಿಡಿ, ಬಿಟ್ಟು ಎದ್ದು ಹೋಗಬೇಡಿ. ಫೋನು ಬಂದರೂ ಸರಿ.

80ರಿಂದ 90 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಹತ್ತು ಹನ್ನೆರಡು ನಿಮಿಷ. ಹೊರ ಲೆನ್ಸಿನ ಪಾಲಿಕಾರ್ಬೊನೇಟ್ ಮೆತ್ತಗಾಗುವುದು 147 ಡಿಗ್ರಿಯ ಹತ್ತಿರ. ಆದರೆ ಹಿಂದಿನ ಕಪ್ಪು ಡಬ್ಬಿ ಬೇರೆ ಪ್ಲಾಸ್ಟಿಕ್ಕು, ಅದು ಮೊದಲೇ ಸೊಟ್ಟಗಾಗಬಹುದು. ಸೊಟ್ಟಗಾದ ಡಬ್ಬಿಗೆ ಎಷ್ಟು ಅಂಟು ಹಾಕಿದರೂ ನೀರು ನಿಲ್ಲುವುದಿಲ್ಲ. ಹಾಗಾಗಿ ಅವಸರಕ್ಕೆ ಶಾಖ ಏರಿಸಬೇಡಿ.

ಹೊರಗೆ ತೆಗೆದು ಸುತ್ತಲಿನ ಪ್ಲಾಸ್ಟಿಕ್ ಲಾಕುಗಳನ್ನು ಮೆಲ್ಲಗೆ ಎಬ್ಬಿಸಿ. ಒಂದು ಮೂಲೆಯಿಂದ ಶುರು ಮಾಡಿ ಲೆನ್ಸನ್ನು ನಿಧಾನ ಎಳೆಯಿರಿ. ಅಂಟು ಹಲಸಿನ ಮೇಣದ ಹಾಗೆ ಎಳೆ ಎಳೆಯಾಗಿ ಬರುತ್ತದೆ. ಬಿಡುತ್ತಿಲ್ಲ ಅಂದರೆ ತಣ್ಣಗಾಗಿದೆ ಅಂತ ಅರ್ಥ. ಮತ್ತೆ ಐದು ನಿಮಿಷ ಪೆಟ್ಟಿಗೆಗೆ ಹೋಗಲಿ. ನಾನು ಮೂರು ಸಲ ಕಾಯಿಸಿದೆ. ಎಳೆಗಳು ರಿಫ್ಲೆಕ್ಟರಿನ ಮೇಲೆ ಬೀಳದ ಹಾಗೆ ಮಾತ್ರ ನೋಡಿಕೊಳ್ಳಿ. ಹಲಸಿನ ಮೇಣವಾದರೆ ಕೊಬ್ಬರಿ ಎಣ್ಣೆಗೆ ಹೋಗುತ್ತದೆ. ಇದನ್ನು ಆ ಪೊರೆಯ ಮೇಲಿಂದ ತೆಗೆಯಲು ಹೋದರೆ ಹೊಳಪೂ ಜೊತೆಗೆ ಬರುತ್ತದೆ.

ಕಿತ್ತಳೆ ತುಂಡು

ಕೆಲವದರಲ್ಲಿ ಸ್ಕ್ರೂ ಇರುತ್ತದೆ, ಕೆಲವದರಲ್ಲಿ ಲಾಕು. ಇನ್ನು ಕೆಲವದರಲ್ಲಿ ಪ್ಲಾಸ್ಟಿಕ್ಕಿನ ಮೊಳೆಯನ್ನೇ ಕಾಯಿಸಿ ತಲೆ ಚಪ್ಪಟೆ ಮಾಡಿರುತ್ತಾರೆ. ಆ ತಲೆಯನ್ನು ಕಟರಿನಿಂದ ಕೊಂಚ ಕೊಂಚವೇ ಹೆರೆದರೆ ತುಂಡು ಬಿಡುತ್ತದೆ. ಡ್ರಿಲ್ ಬೇಡ, ಪುಡಿ ಒಳಗೆಲ್ಲ ಹಾರುತ್ತದೆ. ತುಂಡನ್ನು ಒಡೆಯದೆ ತೆಗೆಯಿರಿ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಒಳಗೆ ಬಟ್ಟೆ ಹಾಕಬೇಡಿ. ಬನಿಯನ್ ಬಟ್ಟೆಯೂ ರಿಫ್ಲೆಕ್ಟರಿಗೆ ಗೀರು ಬೀಳಿಸುತ್ತದೆ. ಕ್ಯಾಮೆರಾ ಲೆನ್ಸಿಗೆ ಗಾಳಿ ಊದುವ ರಬ್ಬರ್ ಬುರುಡೆಯಿಂದ ಧೂಳು ಊದಿ, ಅಷ್ಟೇ ಸಾಕು. ಹೊರ ಲೆನ್ಸನ್ನು ಮಾತ್ರ ತಣ್ಣೀರು, ಎರಡು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ತೊಳೆದು ಪೂರ್ತಿ ಒಣಗಿಸಿ. ಪೂರ್ತಿ ಅಂದರೆ ಬಿಸಿಲಿನಲ್ಲಿ ಎರಡು ಗಂಟೆ, ಮೇಲೆ ತೆಳು ಬಟ್ಟೆ ಮುಚ್ಚಿ.

ಮುಚ್ಚುವುದು

ಇಲ್ಲಿ ನಿಧಾನವಾಗಿ. ಡಬ್ಬಿಯ ಸುತ್ತ ಒಂದು ಕಾಲುವೆ ಇರುತ್ತದೆ, ಲೆನ್ಸಿನ ಅಂಚು ಕೂರುವುದು ಅದರಲ್ಲಿ. ಕಾಲುವೆಯಲ್ಲಿರುವ ಹಳೇ ಅಂಟನ್ನು ಪೂರ್ತಿ ತೆಗೆಯಿರಿ. ಹಳೆಯದರ ಮೇಲೆ ಹೊಸದು ಹಾಕಿದರೆ ಆಗುವುದಿಲ್ಲವೇ ಅಂತ ನಾನೂ ಕೇಳಿದ್ದೆ. ನಮ್ಮ ಎಲೆಕ್ಟ್ರಿಷಿಯನ್ ಒಂದೇ ಮಾತು ಹೇಳಿದರು: "ಸಾರ್, ಹಳೇ ಅಂಟಲ್ಲಿ ಧೂಳೈತೆ. ನೀರಿಗೆ ಧೂಳೇ ದಾರಿ." ಸ್ವಲ್ಪ ಬಿಸಿ ಮಾಡಿ ಮರದ ಕಡ್ಡಿಯಿಂದ ಎತ್ತಿದರೆ ಉದ್ದುದ್ದ ಬರುತ್ತದೆ. ಉಳಿದ ಚೂರುಗಳಿಗೆ ಹೊಸ ಬ್ಯುಟೈಲಿನ ಉಂಡೆಯನ್ನೇ ಒತ್ತಿ ಎತ್ತಿ. ಥಿನ್ನರ್ ಹತ್ತಿರವೂ ತರಬೇಡಿ, ಪಾಲಿಕಾರ್ಬೊನೇಟ್ ಮಂಜುಮಂಜಾಗಿ ಬಿರುಕು ಬಿಡುತ್ತದೆ.

ಈಗ ಬ್ಯುಟೈಲ್ ಹಗ್ಗವನ್ನು ಕಾಲುವೆಯುದ್ದಕ್ಕೂ ಕೂರಿಸಿ. ಎಳೆದು ತೆಳ್ಳಗೆ ಮಾಡಬೇಡಿ. ತುದಿಗಳು ಸೇರುವ ಜಾಗ ಲೈಟಿನ ಮೇಲ್ಭಾಗಕ್ಕೆ ಬರಬಾರದು, ಮಳೆ ನೀರು ಮೊದಲು ಬೀಳುವುದೇ ಅಲ್ಲಿ. ಪಕ್ಕಕ್ಕೋ ಕೆಳಕ್ಕೋ ಬರಲಿ. ಎರಡು ತುದಿಯನ್ನು ಒಂದರ ಮೇಲೊಂದು ಒಂದು ಇಂಚು ಹತ್ತಿಸಿ ಬೆರಳಿನಿಂದ ಒತ್ತಿ ಒಂದು ಮಾಡಿ.

ಲೆನ್ಸ್ ಕೂರಿಸಿ, ಮತ್ತೆ ಪೆಟ್ಟಿಗೆಯಲ್ಲಿ ಅದೇ ಶಾಖಕ್ಕೆ ಹತ್ತು ನಿಮಿಷ. ಹೊರಗೆ ತೆಗೆದು ಸುತ್ತಲೂ ಒತ್ತಿ. ಎದುರುಬದುರು ಒತ್ತಬೇಕು, ಚಕ್ರದ ನಟ್ಟು ಬಿಗಿಯುವ ಹಾಗೆ. ಎಲ್ಲ ಲಾಕು "ಟಕ್" ಅನ್ನಲಿ. ಕ್ಲಾಂಪ್ ಹಾಕಿ ತಣ್ಣಗಾಗುವವರೆಗೆ ಬಿಡಿ, ಆಮೇಲೆ ಸ್ಕ್ರೂ. ಅಂಚಿನಲ್ಲಿ ಎಲ್ಲ ಕಡೆ ಕಪ್ಪು ಅಂಟು ಸಮವಾಗಿ ಉಕ್ಕಿದ್ದರೆ ಚೆನ್ನಾಗಿ ಕೂತಿದೆ. ಎಲ್ಲಾದರೂ ಖಾಲಿ ಕಂಡರೆ ಆ ಜಾಗವನ್ನು ಮತ್ತೆ ಕಾಯಿಸಿ ಒತ್ತಿ.

ಲೈಟಿನ ಹಿಂಭಾಗದಲ್ಲಿ ಸಣ್ಣ ಉಸಿರುನಳಿಕೆ ಇರುತ್ತದೆ. ಬಗ್ಗಿದ ರಬ್ಬರ್ ಪೈಪೋ ಸ್ಪಂಜಿನ ಬಿರಡೆಯೋ ಆಗಿರಬಹುದು. ನೀರು ಬರುತ್ತದೆ ಅಂತ ಅದನ್ನು ಅಂಟು ಹಾಕಿ ಮುಚ್ಚಬೇಡಿ. ಬಲ್ಬು ಹೊತ್ತಿದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಆರಿದಾಗ ಕುಗ್ಗುತ್ತದೆ. ಉಸಿರಾಡಲು ದಾರಿ ಇಲ್ಲದಿದ್ದರೆ ಅಂಟಿನಲ್ಲೇ ದಾರಿ ಮಾಡಿಕೊಳ್ಳುತ್ತದೆ, ಜೊತೆಗೆ ನೀರನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದ ಬೆಳಿಗ್ಗೆ ಲೆನ್ಸಿನ ಒಳಗೆ ತೆಳು ಆವಿ ಕಂಡು, ಲೈಟು ಹಾಕಿದ ಸ್ವಲ್ಪ ಹೊತ್ತಿಗೆ ಮಾಯವಾದರೆ ಅದು ಸಹಜ. ಹನಿ ಕಟ್ಟಿ ಕೆಳಗಿಳಿದರೆ ಮಾತ್ರ ಚಿಂತೆ.

ಕಾರಿಗೆ ಹಾಕುವ ಮೊದಲು ಪರೀಕ್ಷೆ. ಹಿಂದಿನ ಟೋಪಿ, ಹೋಲ್ಡರ್ ಎಲ್ಲ ಹಾಕಿ, ಕಾರಿನಲ್ಲಿ ಹೇಗಿರುತ್ತದೋ ಹಾಗೆಯೇ ನಿಲ್ಲಿಸಿ ಗಿಡಕ್ಕೆ ನೀರು ಹಾಕುವ ಪೈಪಿನಿಂದ ಹತ್ತು ನಿಮಿಷ ಮೇಲಿನಿಂದ ನೀರು ಬಿಡಿ. ಬಕೆಟ್ಟಿನಲ್ಲಿ ಮುಳುಗಿಸಬೇಡಿ, ಉಸಿರುನಳಿಕೆಯಿಂದಲೇ ನೀರು ಹೋಗುತ್ತದೆ. ಒರೆಸಿ, ಒಂದು ರಾತ್ರಿ ಬಿಟ್ಟು ನೋಡಿ.

ಬಲ್ಬು

ಅಂಗಡಿಗೆ ಹೋಗಿ "ಆರೆಂಜ್ ಬಲ್ಬು ಕೊಡಿ" ಅಂದರೆ ಕೊಡುತ್ತಾರೆ. ಮನೆಗೆ ತಂದರೆ ಹೋಲ್ಡರಿಗೆ ಕೂರುವುದಿಲ್ಲ. ಕಾರಣ ಪಿನ್ನುಗಳು. ಬಿಳಿ ಇಂಡಿಕೇಟರ್ ಬಲ್ಬು ಪಿ21ಡಬ್ಲ್ಯೂ, ಅದರ ಎರಡು ಪಿನ್ನು ನೇರ ಎದುರುಬದುರು, 180 ಡಿಗ್ರಿಯಲ್ಲಿ. ಕಿತ್ತಳೆಯದು ಪಿವೈ21ಡಬ್ಲ್ಯೂ, ಅದರ ಪಿನ್ನುಗಳು 150 ಡಿಗ್ರಿಯಲ್ಲಿ ಓರೆ. ಬೇಕೆಂದೇ ಹಾಗೆ ಮಾಡಿದ್ದಾರೆ. ಕ್ಲಿಯರ್ ಲೆನ್ಸಿನ ಲೈಟಿಗೆ ಯಾರೂ ತಪ್ಪಿ ಬಿಳಿ ಬಲ್ಬು ಹಾಕಬಾರದು ಅಂತ. ಪಿನ್ನು ಅರದಿಂದ ಉಜ್ಜಿ ತುರುಕುವವರಿದ್ದಾರೆ. ನಮ್ಮ ರಸ್ತೆಯ ಗುಂಡಿಗಳಿಗೆ ಅದು ಒಂದು ವಾರ ತಡೆಯುವುದಿಲ್ಲ. ಓರೆ ಪಿನ್ನಿನ ಹೋಲ್ಡರನ್ನೇ ತನ್ನಿ. ಅದೇ ಕಾರಿನ ಕ್ಲಿಯರ್ ಲೈಟಿನ ಹೋಲ್ಡರ್ ಸಿಕ್ಕರೆ ಹೆಚ್ಚಾಗಿ ನೇರ ಕೂರುತ್ತದೆ. ಪಿನ್ ಇಲ್ಲದೆ ಒತ್ತಿ ಕೂರಿಸುವ ಥರದ್ದಾದರೆ ಡಬ್ಲ್ಯೂವೈ21ಡಬ್ಲ್ಯೂ ಅಂತ ಕೇಳಿ.

ಕಿತ್ತಳೆ ಬಲ್ಬು ಹಾಕಿದ ಮೇಲೆ ಎದುರಿನಿಂದ ನೋಡಿದರೆ ಹೊಳೆಯುವ ಬಟ್ಟಲಿನ ಮಧ್ಯೆ ಹಳದಿ ಉಂಡೆ ಕಾಣುತ್ತದೆ. ಥೇಟ್ ಬುಲ್ಸ್ ಐ. ಹೋಟೆಲಿನಲ್ಲಾದರೆ ಮೆಣಸಿನ ಪುಡಿ ಉದುರಿಸಿ ತಿನ್ನಬಹುದು. ಅದು ಬೇಡ ಅನ್ನುವವರಿಗೆ ಬೆಳ್ಳಿ ಲೇಪದ ಬಲ್ಬು ಬರುತ್ತದೆ. ಆರಿದಾಗ ಕನ್ನಡಿಯ ಹಾಗೆ, ಹೊತ್ತಿದಾಗ ಕಿತ್ತಳೆ. ಕೊಳ್ಳುವಾಗ ಅಂಗಡಿಯಲ್ಲೇ ಹೊತ್ತಿಸಿ ನೋಡಿ. ಅಗ್ಗದವು ಒಂದು ಮಳೆಗಾಲಕ್ಕೆ ಲೇಪ ಸುಲಿದು ತಿಳಿ ಹಳದಿಯಾಗುತ್ತವೆ. ನನಗೆ ಬುಲ್ಸ್ ಐ ಅಭ್ಯಾಸವಾಗಿದೆ, ಹಾಗೇ ಬಿಟ್ಟಿದ್ದೇನೆ.

ಎಲ್ಇಡಿ ಹಾಕೋಣ್ವಾ ಅಂತ ಎಲ್ಲರೂ ಕೇಳುತ್ತಾರೆ. ಹಳೇ ಕಾರಿಗೆ ಬೇಡ ಅನ್ನುತ್ತೇನೆ. 21 ವ್ಯಾಟ್ ಬಲ್ಬು 12 ವೋಲ್ಟಿನಲ್ಲಿ ಸುಮಾರು 1.75 ಆಂಪ್ ಎಳೆಯುತ್ತದೆ. ಇಂಡಿಕೇಟರನ್ನು ಮಿನುಗಿಸುವ ಫ್ಲಾಷರ್ ಆ ಲೆಕ್ಕದಲ್ಲೇ ಕೆಲಸ ಮಾಡುತ್ತದೆ. ಎಲ್ಇಡಿ ತೀರಾ ಕಡಿಮೆ ಎಳೆಯುವುದರಿಂದ ಬಲ್ಬು ಸುಟ್ಟಿದೆ ಅಂದುಕೊಂಡು ಟಿಕಿಟಿಕಿ ಅಂತ ಓಡತೊಡಗುತ್ತದೆ. 120 ದಾಟಿದರೆ ನಿಯಮವೂ ತಪ್ಪಿತು. ಅದಕ್ಕೆ, ಬಲ್ಬಿನ ಹಾಗೇ ಕರೆಂಟು ಎಳೆದು ಫ್ಲಾಷರನ್ನು ನಂಬಿಸಲಿ ಅಂತ, 6 ಓಮಿನ ರೆಸಿಸ್ಟರ್ ಕೊಡುತ್ತಾರೆ. ಎಂಜಿನ್ ಓಡುವಾಗ 14 ವೋಲ್ಟಿಗೆ ಅದು ಸುಮಾರು 33 ವ್ಯಾಟ್ ಶಾಖ ಬಿಡುತ್ತದೆ. ಬಂಪರಿನ ಪ್ಲಾಸ್ಟಿಕ್ಕಿಗೆ ತಾಗಿದರೆ ಕರಗುತ್ತದೆ. ಬಲ್ಬಿಗಿಂತ ಕಡಿಮೆ ಕರೆಂಟು ತಿನ್ನಲಿ ಅಂತ ಎಲ್ಇಡಿ ತಂದು, ಬಲ್ಬಿಗಿಂತ ಜಾಸ್ತಿ ತಿನ್ನುವ ರೆಸಿಸ್ಟರ್ ಹಾಕುವುದು ಯಾವ ಬುದ್ಧಿವಂತಿಕೆ, ಅಲ್ವಾ?

ಮತ್ತೆ ಗೋಡೆಯ ಮುಂದೆ

ಎರಡೂ ಲೈಟು ಕೂರಿಸಿ, ಬ್ಯಾಟರಿ ಸೇರಿಸಿ, ಕಾರನ್ನು ಅದೇ ಗುರುತಿಗೆ ತನ್ನಿ. ಡಿಪ್ಪಿನ ಮೇಲಂಚು ಟೇಪಿಗೆ ಹೊಂದಬೇಕು. ಲೈಟಿನ ಹಿಂದೆ ಎರಡು ತಿರುಪು ಇರುತ್ತವೆ, ಒಂದು ಮೇಲೆ ಕೆಳಗೆ, ಇನ್ನೊಂದು ಎಡ ಬಲ. ಕಾಲು ಕಾಲು ಸುತ್ತು ತಿರುಗಿಸಿ ಹೊಂದಿಸಿ. ಟೇಪ್ ಹಚ್ಚಲು ಮರೆತವರು ಲೈಟಿನ ಮೇಲೆ 1 ಶೇಕಡಾ ಅಥವಾ 1.2 ಶೇಕಡಾ ಅಂತ ಅಚ್ಚಾಗಿದೆಯೇ ನೋಡಿ. 1 ಶೇಕಡಾ ಅಂದರೆ 10 ಮೀಟರ್ ದೂರದಲ್ಲಿ ಬೆಳಕು 10 ಸೆಂಟಿಮೀಟರ್ ತಗ್ಗಬೇಕು. ಇವರಿಗೆ ಮಾತ್ರ ನಿಜವಾಗಿ ಸಮತಟ್ಟಾದ ಜಾಗವೇ ಬೇಕು.

ಆಮೇಲೆ ಇಂಡಿಕೇಟರ್ ಹಾಕಿ, ಯಾರನ್ನಾದರೂ ಮುಂದೆ ನಿಲ್ಲಿಸಿ ಪಕ್ಕಪಕ್ಕಕ್ಕೆ ನಡೆಸಿ. ಎಷ್ಟು ಓರೆಗೆ ಹೋದರೂ ಮಿನುಗು ಕಾಣಬೇಕು. ನಡುಹಗಲಿನ ಬಿಸಿಲಿನಲ್ಲೂ ಒಂದು ಸಲ ನೋಡಿ. ಗಡಿಯಾರ ಹಿಡಿದು ಅರ್ಧ ನಿಮಿಷ ಎಣಿಸಿ, 30ರಿಂದ 60ರ ಒಳಗೆ ಬಂದರೆ ಸರಿ. ನಮ್ಮದು 42 ಬಂತು.

ಕಿತ್ತಳೆ ತುಂಡು ಒಡೆಯಬೇಡಿ ಅಂದಿದ್ದೆನಲ್ಲ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಮುಂದುವರಿಸಬೇಕಾದರೆ ಕಾರನ್ನು ಆರ್‌ಟಿಒಗೆ ತಪಾಸಣೆಗೆ ಒಯ್ಯಬೇಕು. ಹಾಗೆ ಮತ್ತೆ ಸಿಗುವುದು ಐದು ವರ್ಷ. ಆ ದಿನ ಮೊದಲಿನ ಹಾಗೇ ಮಾಡಿಕೊಂಡು ಬನ್ನಿ ಅಂದರೆ ತುಂಡು ಕೈಯಲ್ಲಿರಬೇಕು. ನಾನು ಎರಡನ್ನೂ ಪೇಪರಿನಲ್ಲಿ ಸುತ್ತಿ, ಎಡ ಬಲ ಅಂತ ಬರೆದು, ಹಳೇ ಹೋಲ್ಡರಿನ ಜೊತೆ ಸ್ಟೆಪ್ನಿಯ ಗುಂಡಿಯಲ್ಲಿ ಇಟ್ಟಿದ್ದೇನೆ. ನಮ್ಮ ಕಾರಿನ ಸರದಿ ಬರುವ ಮಾರ್ಚಿಗೆ.